ನೆರಳುಗಂಟಿ

ಜಕ್ಕನಹಳ್ಳಿ ದಾಟಿ ಬಲಕ್ಕೆ, ನಾಲೆಯ ನೀರು
ಯಾವತ್ತೂ ಹತ್ತಿ ಬರಲಾರದ ಮೇಡು.
ಆರು ಗುಂಟೆ. ನೊರಜುಗಲ್ಲು. ನಾಲ್ಕು ಬಂಡೆ.
ಜೊತೆಯಲ್ಲಿ ಓದಿದ ಶಿವನಂಜಿ ಹೇಳಿದ್ದಳು:
ನಮ್ಮಪ್ಪನಿಗೊಂದು ತೋಟ ಬರೆದುಕೊಡು.
ಬರೆದೆ. ಹುಲ್ಲುಹಾಸು, ಅಂಚಿಗೆ ಗುಲಾಬಿ,
ನಡುವೆ ದುಂಡಗೆ ಒಂದು ಕಾರಂಜಿ;
ಪೆನ್ಸಿಲಿನಲ್ಲಿ ಧಾರಾಳ ಚಿಮ್ಮಿಸಿದ್ದೆ ನೀರು.

ಮೊಗಣ್ಣ ನಕ್ಷೆ ಮಡಿಚಿ
ಎಲೆಅಡಿಕೆ ಚೀಲಕ್ಕೆ ತುರುಕಿದರು.
"ನೀರಿನ ಇಸ್ಯ ನನಗೇ ಯೋಳ್ಕೊಡ್ತೀಯಾ, ಕೂಸೇ?"

ಮೂವತ್ತೊಂದು ವರ್ಷ ನೀರುಗಂಟಿ.
ಲಾಟೀನು, ಸನಿಕೆ, ಮೊಣಕಾಲುದ್ದ ಕೆಸರು;
ತೂಬು ಎತ್ತಿ, ತೂಬು ಇಳಿಸಿ,
ಇವರ ಗದ್ದೆಗೆ ಎರಡು ತಾಸು, ಅವರ ಕಬ್ಬಿಗೆ ಮೂರು,
ಒಡೆದ ಬದುವಿಗೆಲ್ಲ ಬೈಗುಳ ತಿಂದು.
ತನ್ನ ನೆಲಕ್ಕೊಂದು ಬೊಗಸೆ ತಿರುಗಿಸಿದವರಲ್ಲ.
ತಿರುಗಿಸಿದ್ದರೂ ಹತ್ತುತ್ತಿರಲಿಲ್ಲ, ಅದು ಬೇರೆ ಮಾತು.

ಮೊದಲ ವಾರ ಗಿಡ ನೆಡಲಿಲ್ಲ ನಾವು.
ನೆರಳು ನೆಟ್ಟೆವು.
ಕಲ್ಲು ಸೀಳುವ ಹನುಮಕ್ಕ ಟ್ರಾಕ್ಟರಿನಲ್ಲಿ ತಂದಳು
ಹದಿನೇಳು ಕೂಚುಗಲ್ಲು.
ಯಾರದೋ ಬೇಲಿಗೆಂದು ಸೀಳಿ ಬೇಡವಾದವು,
ಅಂಚಿನುದ್ದಕ್ಕೂ ಉಳಿಯ ಹಲ್ಲು ಇನ್ನೂ ಬೆಳ್ಳಗೆ.
ಹಾರೆ ಕೊಟ್ಟು ಒಂದೊಂದನ್ನೂ ನಿಲ್ಲಿಸಿ, ಕಾದೆವು:
ಎಂಟರ ನೆರಳು ಎಲ್ಲಿ, ಮೂರರದು ಎಲ್ಲಿ.
ಬಿದ್ದಲ್ಲಿ ಮೊಗಣ್ಣ ಬೂದಿಯ ಗೆರೆ ಎಳೆದರು
ಕಣದಲ್ಲಿ ರಾಶಿಯ ಸುತ್ತ ಎಳೆಯುವ ಹಾಗೆ.

"ತಂಗಡಿಗೆ ನೆಳ್ಳು ಬ್ಯಾಡ, ಬಿಸ್ಲಿಗೇ ಹುಟ್ಟಿದ್ದು ಅದು.
ಬಿಕ್ಕೆಗೆ ಮಧ್ಯಾನ್ನ ಒಂದು ತಾಸು ಕೊಡು.
ಕವಳೆಗೆ ಬೈಗಿಂದು ಸಾಕು,
ಮುಳ್ಳಿರೋರ್ಗೆ ಜಾಸ್ತಿ ಕೊಟ್ರೆ ಮೈಮರೀತಾವೆ."
ಅದೇ ಹಳೆಯ ಸರದಿ, ಅದೇ ಕೈಸನ್ನೆ.
ಹನುಮಕ್ಕ ಉಳಿ ಕೆಳಗಿಟ್ಟು ನಕ್ಕಳು:
"ನೀರುಗಂಟಿ ಹೋಗಿ ನೆರಳುಗಂಟಿ ಆದೆಯಲ್ಲಣ್ಣೋ!"

ಆಮೇಲೆ ಗಿಡ.
ಬಂಡೆಯ ಬೆನ್ನಿಗೆ ಚದುರಗಳ್ಳಿ, ಕಂಬದಂತೆ.
ಒಂದು ಕೂಚಕ್ಕೆ ಮಂಗರವಳ್ಳಿ, ಗಂಟು ಗಂಟಾಗಿ ಹತ್ತಲಿ ಅಂತ.
ಬಂದರಿಕೆಯ ಸಾಲು, ಗಾಳಿ ಬರುವ ಕಡೆಗೆ.
ಎಕ್ಕ ನಾವು ನೆಟ್ಟದ್ದಲ್ಲ,
ಕೇಳದೆಯೇ ಬಂದು ಬಾಗಿಲ ಬಳಿ ನಿಂತಿತ್ತು; ಇರಲಿ ಅಂದರು.
ಮೊದಲ ಬೇಸಿಗೆಗೆಂದು ಬುಡಕ್ಕೊಂದು ಮಣ್ಣಿನ ಕುಡಿಕೆ,
ಕತ್ತಿನವರೆಗೆ ಹೂತು, ವಾರಕ್ಕೊಮ್ಮೆ ತುಂಬುವುದು.
ಒಸರಿದಷ್ಟೇ ಪಾಲು.

ಏಪ್ರಿಲ್‌ನಲ್ಲಿ ಬಿಕ್ಕೆ ಬಾಡಿತು.
ನನಗೆ ತಡೆಯಲಾಗಲಿಲ್ಲ. ಕತ್ತಲಾದ ಮೇಲೆ ಹೋಗಿ
ಬಾಟಲಿಯ ನೀರು ಬುಡಕ್ಕೆ ಸುರಿದು ಬಂದೆ,
ಚಪ್ಪಲಿ ಕೈಯಲ್ಲಿ ಹಿಡಿದು.

ಬೆಳಿಗ್ಗೆ ಅವರು ಕುಕ್ಕರಗಾಲಲ್ಲಿ ಕೂತು
ಮಣ್ಣು ಚಿವುಟಿ ಮೂಸುತ್ತಿದ್ದರು.
"ಕದ್ದ ನೀರಿನ ವಾಸ್ನೆ ನನಗೆ ಗೊತ್ತು ಕನವ್ವ.
ಎಷ್ಟು ಜನರನ್ನ ಹಿಡ್ದಿದ್ದೀನಿ, ಗೌಡ್ರ ಮನೆಯೋರ್ನೂವೆ."
ಬಯ್ಯಲಿಲ್ಲ. ಜೇಬಿನ ಪುಸ್ತಕ ತೆಗೆದು
ತಾರೀಕು ಬರೆದು ಬರೆದರು: ಬಿಕ್ಕೆ, ಒಂದು ಬಾಟ್ಲಿ, ಕಳವು.
ಬಿಕ್ಕೆ ಉಳಿಯಿತು. ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ.

ನನ್ನ ಕಾರಂಜಿ ಇರಬೇಕಾದ ಜಾಗದಲ್ಲಿ ಈಗ
ಊರ ಕೆರೆಯ ಹಳೇ ತೂಬುಗಲ್ಲು.
ಕಬ್ಬಿಣದ ಗೇಟು ಬಂದ ವರ್ಷ ಕಿತ್ತೆಸೆದದ್ದು,
ಮಧ್ಯೆ ಮುಷ್ಟಿ ಹಿಡಿಸುವ ತೂತು.
ನಾಲ್ಕರ ಹೊತ್ತಿಗೆ ಆ ತೂತಿನಿಂದ
ಕಲ್ಲಿನ ನೆರಳ ನಡುವೆ ಬಿಸಿಲೊಂದು ಬಿಲ್ಲೆ
ಇಳಿದು, ನೊರಜಿನ ಮೇಲೆ ಮೆಲ್ಲಗೆ ಹರಿಯುತ್ತದೆ.

ಮೊಗಣ್ಣ ಕಲ್ಲುಜಗಲಿಯಿಂದ ಬಗ್ಗಿ
ಅದಕ್ಕೆ ಅಂಗೈ ಅಡ್ಡ ಹಿಡಿದರು, ಅಭ್ಯಾಸಬಲ.
ಗೆರೆ ಒಡೆದ ಕೈ. ತುಂಬಿತು. ನಿಂತಿತು.
ಆಮೇಲೆ ಬಿಟ್ಟರು.

"ಅಲ್ಲಿ ಇನ್ನೊಂದು ಲಂಟಾನದ ಬೇರೈತೆ ನೋಡು,
ಬೆಳ್ಕಿರೋವಾಗ್ಲೇ ಕಿತ್ತಾಕು."